ಅಂಗೀಕಾರವೂ ಅಧಿಗಮವೂ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ವಿಚಾರಿಸುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ಕಂಪ್ಯೂಟರು, ಮೊಬೈಲುಗಳ ಮೂಲಕ ನಡೆಯುವ ಪಾಠವನ್ನು ಕುರಿತು ಮ್ಯಾನೇಜ್‌ಮೆಂಟ್ ವಿಭಾಗಗಳಿಂದ ಹೊರಡುವ ಸಂಶೋಧನಲೇಖನಗಳನ್ನು ಈ ಒರೆಗಲ್ಲಿಗೆ ಉಜ್ಜಿದರೆ, ಮೊದಲ ಮೂರರಲ್ಲಿ ಹೇಗೋ ತೇರ್ಗಡೆಯಾಗುವ ಬರಹಗಳು ನಾಲ್ಕನೆಯದರಲ್ಲಿ ಎಡವುತ್ತವೆ. ಯಾರ ವಿದ್ಯೆಗಾಗಿ ಯಂತ್ರವು ಬಂದಿತೋ ಆ ಬಾಲಕನೇ ಅವುಗಳಲ್ಲಿ ಕಾಣಿಸುವುದಿಲ್ಲ.

ಈ ಲೇಖನಗಳಲ್ಲಿ ಹಲವಕ್ಕೆ ಮೂಲ, ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಪ್ರಬಂಧ. ಉಪಯುಕ್ತವೆಂಬ ಭಾವನೆ, ಸುಲಭವೆಂಬ ಭಾವನೆ ಇವೆರಡಿದ್ದರೆ ಜನರು ಹೊಸ ಯಂತ್ರವನ್ನು ಅಂಗೀಕರಿಸುವರೆಂದು ಆತನ ಮತ. ಅದಕ್ಕೆ ಆಧಾರವಾದವರು 152 ಮಂದಿ ಬಳಕೆದಾರರು. ಕಚೇರಿಯ ಮಟ್ಟಿಗೆ ಇದು ಸಲ್ಲತಕ್ಕ ಮಾತೇ. ನೌಕರನು ಇ-ಮೇಲನ್ನು ಒಪ್ಪಿಕೊಂಡರೆ ಕಾಗದಪತ್ರ ಸಾಗುತ್ತದೆ. ಆದರೆ ಪಾಠಶಾಲೆಯಲ್ಲಿ ಸುಲಭವೆನ್ನಿಸುವುದೇ ಗುಣವೆಂದು ಹೇಳಿದವರಾರು? ಸಂಧಿಪ್ರಕರಣವಾಗಲಿ ಹದಿನೇಳರ ಮಗ್ಗಿಯಾಗಲಿ ಯಾವ ಹುಡುಗನಿಗೂ ಸುಲಭವೆಂದು ತೋರಿದ್ದುಂಟೆ!

ಪ್ರಶ್ನಾವಳಿಯ ರೀತಿಯೂ ವಿಚಾರಾರ್ಹವಾದುದು. ಯಂತ್ರಪಾಠದ ವಿಷಯವಾದ ಪ್ರಶ್ನೆಗಳು ಅನೇಕವೇಳೆ ಯಂತ್ರದಲ್ಲಿಯೇ ಬರುತ್ತವೆ. ಬೆಂಗಳೂರಿನ ಪೂರ್ವಭಾಗದ ಕಲ್ಯಾಣನಗರದಲ್ಲಿ ಮಹಡಿಮನೆಯ ಯಜಮಾನನು ಅದಕ್ಕೆ ಉತ್ತರಿಸಿಯಾನು. ಅದೇ ಮನೆಯಲ್ಲಿ ಪಾತ್ರೆ ತೊಳೆಯುವವಳ ಮಗನಿಗೆ ಪ್ರಶ್ನೆಯೇ ತಲುಪದು. ಪಂಕ್ತಿಯಲ್ಲಿ ಕುಳಿತವರನ್ನು ಮಾತ್ರ ಕೇಳಿ ಊರಿನಲ್ಲಿ ಹಸಿದವರಿಲ್ಲವೆಂದು ತೀರ್ಮಾನಿಸಿದ ಹಾಗಾಯಿತು.

ಬೆಂಗಳೂರಿನಲ್ಲಿಯೇ ಇರುವ ಅಜೀಂ ಪ್ರೇಮ್‌ಜೀ ವಿಶ್ವವಿದ್ಯಾನಿಲಯವು 2021ರಲ್ಲಿ ಪ್ರಕಟಿಸಿದ ಪರಿಶೀಲನೆಯ ಮಾರ್ಗ ಬೇರೆ. ಕರ್ನಾಟಕವೂ ಸೇರಿ 5 ರಾಜ್ಯಗಳ 44 ಜಿಲ್ಲೆಗಳಲ್ಲಿ, 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅದು ತೆಗೆದುಕೊಂಡಿತು. ಕೇಳಿದ ಪ್ರಶ್ನೆ, ಪಾಠವು ಹಿಡಿಸಿತೆ ಎಂದಲ್ಲ. ಓದಲು ಬರುತ್ತದೆಯೆ, ಕೂಡಿಸಲು ಬರುತ್ತದೆಯೆ ಎಂದು. ಎರಡರಿಂದ ಆರನೆಯ ತರಗತಿಯವರೆಗಿನ ಮಕ್ಕಳಲ್ಲಿ ಸರಾಸರಿ ನೂರಕ್ಕೆ 92 ಮಂದಿ ಭಾಷೆಯಲ್ಲಿಯೂ 82 ಮಂದಿ ಗಣಿತದಲ್ಲಿಯೂ ಹಿಂದಿನ ವರ್ಷ ಬಲ್ಲ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಇದರಲ್ಲಿಯೂ ಒಂದು ಕೊರತೆಯಿದೆ. ಶಾಲೆ ಮುಚ್ಚುವ ಮುಂಚೆ ಮಗುವಿಗೆ ಏನು ಬರುತ್ತಿತ್ತೆಂಬುದಕ್ಕೆ ಉಪಾಧ್ಯಾಯರ ಅಂದಾಜೇ ಆಧಾರ. ಒಂದು ತಕ್ಕಡಿಯಲ್ಲಿ ಸ್ಮೃತಿ, ಇನ್ನೊಂದರಲ್ಲಿ ಪ್ರತ್ಯಕ್ಷ. ಮೇಲಾಗಿ ನಷ್ಟವು ಶಾಲೆ ಮುಚ್ಚಿದ್ದರದು. ಅದನ್ನು ಯಂತ್ರದ ತಲೆಗೇ ಕಟ್ಟುವುದು ನ್ಯಾಯವಲ್ಲ. ಹಾಗಿದ್ದರೂ ಮಗುವಿನ ಬಳಿಗೆ ಹೋಗಿ ನೋಡಿದ ಶ್ರಮಕ್ಕೆ ಬೆಲೆಯುಂಟು.

ಸಂಸ್ಥೆಯ ಸುಸ್ಥಿರತೆಯೆಂಬುದು ಇಂಥ ಅನೇಕ ಲೇಖನಗಳ ಕೊನೆಗೆ ಫಲಶ್ರುತಿಯಂತೆ ಬರುತ್ತದೆ. ಸಂಸ್ಥೆಯೆಂದರೆ ಕಟ್ಟಡವೆ, ಶುಲ್ಕವೆ, ಗುರುಶಿಷ್ಯರೆ ಎಂಬುದನ್ನು ಅವು ಬಿಡಿಸಿ ಹೇಳುವುದು ಅಪರೂಪ. 2020ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರವು ವಿದ್ಯಾಗಮವೆಂಬ ಏರ್ಪಾಡನ್ನು ಆರಂಭಿಸಿದಾಗ ಕಟ್ಟಡಗಳಿಗೆ ಬೀಗವಿತ್ತು. ಉಪಾಧ್ಯಾಯರು ಮಕ್ಕಳಿದ್ದಲ್ಲಿಗೆ ಹೋಗಿ, ಮರದ ನೆರಳಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಕುಳ್ಳಿರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಆರಂಭದಲ್ಲಿಯೇ ಮಕ್ಕಳನ್ನು ಮೂರಾಗಿ ವಿಂಗಡಿಸಿದ್ದರು: ಮೊಬೈಲೇ ಇಲ್ಲದವರು, ಮೊಬೈಲಿದ್ದು ಇಂಟರ್‌ನೆಟ್ ಇಲ್ಲದವರು, ಎರಡೂ ಉಳ್ಳವರು. ಸಂಶೋಧಕರು ಕೈಬಿಟ್ಟ ಅಧಿಕಾರಿವಿಚಾರವು ಹಳ್ಳಿಯ ಶಾಲಾಮಾಸ್ತರರ ಪಟ್ಟಿಯಲ್ಲಿತ್ತು. ಆ ಮೂರು ವರ್ಗದವರೂ ಏನೇನು ಕಲಿತರೆಂದು ಹೋಲಿಸಿ ನೋಡುವ ಪ್ರಬಂಧವು, ಅಂಗೀಕಾರವನ್ನು ಎಣಿಸುವ ನೂರು ಪ್ರಬಂಧಗಳಿಗಿಂತ ಓದತಕ್ಕುದಾಗಿರುತ್ತದೆ.