ಸುಬಾರು ಔಟ್‌ಬ್ಯಾಕ್: ಒಂದು ಪರಾಮರ್ಶೆ

ಜಪಾನಿನ ಈಶಾನ್ಯಕ್ಕಿರುವ ತೊಹೊಕು ಸೀಮೆಯಲ್ಲಿ, ಹಿಮ ಕವಿದ ಗಿರಿಮಾರ್ಗಗಳಲ್ಲಿ ಸಂಚರಿಸಿ ವಿದ್ಯುತ್ ತಂತಿಗಳನ್ನು ಪರಿಶೀಲಿಸಬೇಕಾದ ನೌಕರರಿಗೆ ಜೀಪಿಗಿಂತ ಸುಖಕರವಾದ ಗಾಡಿಯೊಂದು ಬೇಕೆಂದು ಅಲ್ಲಿನ ವಿದ್ಯುತ್ ಸಂಸ್ಥೆ ಕೇಳಿಕೊಂಡುದರಿಂದ ಆರಂಭವಾದ ಪ್ರಯತ್ನವು, 1972ರಲ್ಲಿ, ನಾಲ್ಕು ಚಕ್ರಗಳಿಗೂ ಚಾಲನಶಕ್ತಿಯನ್ನು ಪಡೆದ ಸುಬಾರು ಲಿಯೋನ್ ಎಸ್ಟೇಟ್ ಗಾಡಿಯಾಗಿ ಫಲಿಸಿತು. 1990ರ ದಶಕದ ನಡುವೆ ಅಮೆರಿಕದ ಪೇಟೆಗೆ ಬಂದ ಔಟ್‌ಬ್ಯಾಕ್ ಆ ವಂಶದ ಕುಡಿ. ಕೆಟ್ಟ ಹಾದಿಯಲ್ಲಿ ನೆಮ್ಮದಿಯಾಗಿ ಹೋಗಿಬರುವುದೇ ಅದರ ಮೂಲೋದ್ದೇಶವಾದುದರಿಂದ, ಅದರ ಯೋಗ್ಯತೆಯನ್ನು ಅಳೆಯುವ ಮಾನದಂಡವೂ ಅದೇ ಆಗತಕ್ಕದ್ದು.

ಆ ಮಾನದಂಡದಿಂದ ನೋಡಿದರೆ ಇದರ ರಚನೆ ಶ್ಲಾಘ್ಯವಾದುದು. ಸಿಲಿಂಡರುಗಳು ಎರಡು ಪಕ್ಕಗಳಿಗೆ ಮಲಗಿರುವ ಬಾಕ್ಸರ್ ಎಂಜಿನ್ನಿನ ಭಾರವೆಲ್ಲ ನೆಲದತ್ತ ತಗ್ಗಿರುವುದರಿಂದ, ಗಾಡಿಯ ತಳವು ನೆಲದಿಂದ ಸುಮಾರು 22 ಸೆಂಟಿಮೀಟರು ಮೇಲಿದ್ದರೂ ತಿರುವುಗಳಲ್ಲಿ ಅದು ಎತ್ತರದ ಜೀಪುಗಳಂತೆ ತೂಗಾಡುವುದಿಲ್ಲ. ಹಿಂದಿನ ಆಸನದಲ್ಲಿ ನಿದ್ರಿಸುವ ಮಗುವಿಗೆ ಎಚ್ಚರವಾಗದಂತೆ ಜಲ್ಲಿಯ ದಾರಿಯನ್ನು ಕ್ರಮಿಸುವ ಗುಣವನ್ನು ನಾನು ಯಾವ ಅಶ್ವಶಕ್ತಿಗಿಂತಲೂ ಹಿರಿದೆಂದು ಎಣಿಸುತ್ತೇನೆ. ಚಾವಣಿಯೂ ತಗ್ಗಾದುದರಿಂದ ಅದರ ಮೇಲೆ ಸಾಮಾನು ಕಟ್ಟುವುದಕ್ಕೆ ಏಣಿ ಬೇಕಾಗದು.

ಆದರೆ ಇದರ ಮೇರೆಯನ್ನೂ ಸ್ಪಷ್ಟವಾಗಿ ಹೇಳಬೇಕು. ಕಡಿದಾದ ಬಂಡೆಯೇರುಗಳಲ್ಲಿ ಮೆಲ್ಲಮೆಲ್ಲನೆ ತೆವಳಲು ಲ್ಯಾಂಡ್ ಕ್ರೂಸರಿನಂಥ ವಾಹನಗಳಿಗಿರುವ ಲೋ ಗೇರು ಇಂದಿನ ಔಟ್‌ಬ್ಯಾಕಿಗಿಲ್ಲ. ಜಾರುವ ಚಕ್ರಕ್ಕೆ ಬ್ರೇಕು ಹಾಕಿ ಹಿಡಿತವಿರುವ ಚಕ್ರಕ್ಕೆ ಬಲವನ್ನು ಹರಿಸುವ ಎಕ್ಸ್-ಮೋಡ್ ಕೆಸರಿನಲ್ಲಿಯೂ ಹಿಮದಲ್ಲಿಯೂ ಉಪಕಾರಿಯೇ ಹೊರತು ಆ ಗೇರಿನ ಸ್ಥಾನವನ್ನು ತುಂಬಲಾರದು. ಮುಂಚಕ್ರಗಳ ಮುಂದಕ್ಕೆ ಉದ್ದವಾಗಿ ಚಾಚಿಕೊಂಡ ಮೂತಿಯು ಕಡಿದಾದ ದಿಬ್ಬದ ಬುಡದಲ್ಲೇ ನೆಲಕ್ಕೆ ತಾಗುವ ಭಯವೂ ಉಂಟು. 2020ರ ಪೀಳಿಗೆಯಲ್ಲಿ ಬಿಸಿಗಾಳಿಯ ನಿಯಂತ್ರಣವನ್ನು ಬಹುಮಟ್ಟಿಗೆ ಸ್ಪರ್ಶಪರದೆಯೊಳಗೆ ಅಡಗಿಸಿದುದಂತೂ, ಚಳಿಗೆ ಕೈಗವಸು ತೊಟ್ಟು ಓಡಿಸುವವರಿಗಾಗಿ ಹುಟ್ಟಿದ ವಂಶಕ್ಕೆ ಸಲ್ಲದ ಅವಿವೇಕ.

ಇನ್ನೊಂದು ಮಾತನ್ನು ಕೊಳ್ಳುವವರು ಅವಶ್ಯವಾಗಿ ತಿಳಿದಿರಬೇಕು. ನಾಲ್ಕು ಚಕ್ರಗಳ ಚಾಲನೆ ಹಿಮದಲ್ಲಿ ಹೊರಡುವುದಕ್ಕೆ ನೆರವಾಗುತ್ತದೆ. ನಿಲ್ಲುವುದಕ್ಕೆ ಟೈರೇ ಗತಿ. ಹಿಮಪ್ರದೇಶದವರು ಚಳಿಗಾಲದ ಟೈರುಗಳಿಗೆ ಹಣವನ್ನು ಎತ್ತಿಡಬೇಕು. ನಾಲ್ಕರ ಸವೆತವೂ ಸಮನಾಗಿರಬೇಕಾದುದರಿಂದ, ಅರ್ಧ ಸವೆದ ಮೇಲೆ ಒಂದೇ ಟೈರು ಹರಿದರೂ ಅನೇಕ ವೇಳೆ ನಾಲ್ಕನ್ನೂ ಬದಲಿಸಬೇಕಾಗುವ ವೆಚ್ಚವನ್ನು ಗಾಡಿಯ ಬೆಲೆಯೊಡನೆಯೇ ಲೆಕ್ಕಕ್ಕೆ ಹಿಡಿಯತಕ್ಕದ್ದು.