‘ನಮ್ಮ ಊರು’ ಯಾರ ಊರು?

ಶಾಲೆಗಳಲ್ಲಿ ‘ನಮ್ಮ ಊರು’ ಎಂಬ ಪ್ರಬಂಧ ಬರೆಸುವುದು ಹಳೇ ವಾಡಿಕೆ. ಊರ ಮುಂದೆ ಕೆರೆ, ನಡುವೆ ಗುಡಿ, ಸುತ್ತ ಹಸಿರು ಪೈರು, ಎಲ್ಲರೂ ಅಣ್ಣತಮ್ಮಂದಿರು. ಕೇರಿಯ ಹುಡುಗನೂ ಇದನ್ನೇ ಬರೀತಾನೆ. ತನ್ನನ್ನು ಒಳಗೆ ಬಿಡದ ಗುಡಿಯನ್ನು ‘ಭವ್ಯ’ ಅನ್ನುತ್ತಾನೆ. ಗೈಡಿನಲ್ಲಿ ಹಾಗಿದೆ, ಮಾರ್ಕು ಬರುತ್ತೆ. ಕೇರಿ ಮಾತ್ರ ಹಾಳೆಯ ಮೇಲೆ ಬರೋದಿಲ್ಲ. ಇದನ್ನು ನಾವು ವರ್ಣನೆ ಎಂದು ಒಪ್ಪಲಾರೆವು. ಇದು ಕಣ್ಣು ಮುಚ್ಚಿಕೊಳ್ಳೋದನ್ನು ಕಲಿಸುವ ಪಾಠ.

ವಿಶೇಷಣ ಪೇರಿಸಿದಷ್ಟೂ ಬರಹಕ್ಕೆ ಜೀವ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ‘ನಯನಮನೋಹರ ಗದ್ದೆ’ ಎಂದ ಕೂಡಲೇ ನಾಟಿ ಹಾಕಿದ ಕೈ ಮರೆಯಾಗುತ್ತದೆ. ಕೆಸರಲ್ಲಿ ಬಗ್ಗಿದವಳು ಯಾರು, ಕೂಲಿ ಎಷ್ಟು, ಸಂಜೆಗೆ ಅವಳ ಬೆರಳ ಸಂದು ಹೇಗಾಗಿತ್ತು? ಇಷ್ಟು ಹೇಳಿ, ಗದ್ದೆ ತಾನಾಗಿ ಕಾಣುತ್ತೆ.

ದೇವನೂರ ಮಹಾದೇವರ ‘ಒಡಲಾಳ’ ನೋಡಿ. ರಾತ್ರಿ ಸಾಕವ್ವನ ಮನೆಮಂದಿಯೆಲ್ಲ ಕೂತು ಕಡ್ಲೆಕಾಯಿ ತಿನ್ನುತ್ತಾರೆ. ಅದು ಎತ್ತಪ್ಪ ಸಾಹುಕಾರನ ಮಾಲು; ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಹಸಿವು ಘೋರ ಅಂತ ಲೇಖಕರು ಕೂಗುವುದಿಲ್ಲ. ತಿನ್ನುವ ಸಂಭ್ರಮ ತೋರಿಸುತ್ತಾರೆ. ಹಸಿವಿನ ಆಳ ನಮಗೇ ತಿಳಿಯುತ್ತದೆ.

ಅದರ ಭಾಷೆ ನಂಜನಗೂಡು ಸೀಮೆಯ ಕೇರಿಯ ಮಾತು. ಅದೇ ಮಾತಿನ ಕಸುವಿನಲ್ಲಿ ಹುಟ್ಟಿದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೂ ಮಗು ‘ನಮ್ಮವ್ವ ಕಳೆ ಕೀಳಾಕ ಹೋಗವ್ಳ’ ಅಂತ ಬರೆದರೆ ಕೆಂಪು ಶಾಯಿ ಬೀಳುತ್ತದೆ. ಅಕಾಡೆಮಿಗೆ ಆದ ಮಾತು ಶಾಲೆಗೆ ಯಾಕೆ ಆಗೋದಿಲ್ಲ?

ಬಂಡಾಯದ ಗೆಳೆಯರಿಗೂ ಒಂದು ಮಾತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಕೆಂಡ, ನೆತ್ತರು, ಜ್ವಾಲೆ ಎಂಬ ಪದಗಳಿಗೆ ಸುಡುವ ಶಕ್ತಿಯಿತ್ತು. ಎಲ್ಲರೂ ಬಳಸೀ ಬಳಸೀ ಅವೂ ಗೈಡಿನ ಪದಗಳಾಗಿವೆ. ‘ಅಸ್ಪೃಶ್ಯತೆ ಕ್ರೂರ’ ಎಂದರೆ ಓದುವವನು ತಲೆದೂಗಿ ಮುಂದೆ ಹೋಗುತ್ತಾನೆ. ಹೋಟ್ಲಿನ ಹೊರಗೋಡೆಯ ಗೂಟಕ್ಕೆ ಸಿಕ್ಕಿಸಿದ ಬೇರೆ ಲೋಟ, ಕುಡಿದವನೇ ಅದನ್ನು ತೊಳೆದಿಡಬೇಕಾದ ಕಟ್ಟಳೆ, ಇಷ್ಟನ್ನು ಕಂಡ ಹಾಗೆ ಬರೆಯಿರಿ, ನಿಲ್ಲುತ್ತಾನೆ. ‘ಈಗ ಅದೆಲ್ಲ ಎಲ್ಲಿದೆ’ ಎನ್ನುವವರ ಮುಂದೆ ಇಂಥ ವರ್ಣನೆಯೇ ಸಾಕ್ಷಿ.

ಹಳ್ಳಿ ಮೇಷ್ಟ್ರುಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಒಂದು ದಿನ ಗೈಡು ಮುಚ್ಚಿಸಿ. ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತೆ, ಎಷ್ಟು ದೂರ, ಹೊತ್ತು ತರೋರು ಯಾರು ಅಂತ ಬರೆಸಿ, ಅವರವರ ಮನೆ ಮಾತಲ್ಲೇ. ಆಮೇಲೆ ಹಾಳೆಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ‘ನಮ್ಮ ಊರು’ ಎಂಬುದರಲ್ಲಿ ‘ನಮ್ಮ’ ಅಂದರೆ ಯಾರು ಅಂತ ಮಕ್ಕಳೇ ಕೇಳುತ್ತಾರೆ.