ಫೈನ್‌ಮನ್ ಪುಸ್ತಕ ಮತ್ತು ಎರಡು ಸೆಕೆಂಡಿನ ಬಾವಿ

ಅಕ್ಕನ ಮಗಳು ಈ ವರ್ಷ ಬಿಎಸ್ಸಿಗೆ ಸೇರುತ್ತಿದ್ದಾಳೆ. ಮನೆಯವರೆಲ್ಲ ಎಂಜಿನಿಯರಿಂಗ್ ಅಂದರೂ ಹಟ ಹಿಡಿದು ಭೌತಶಾಸ್ತ್ರ ತೆಗೆದುಕೊಂಡಳು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯ ಎರಡು ವರ್ಷ ಇಂಗ್ಲಿಷಿನೊಂದಿಗೆ ಗುದ್ದಾಡಿ ಒಳ್ಳೆಯ ಅಂಕವನ್ನೇ ತೆಗೆದಿದ್ದಾಳೆ. ಕಳೆದ ತಿಂಗಳು ಫೋನು ಮಾಡಿ ಕೇಳಿದಳು: “ಚಿಕ್ಕಮ್ಮ, ಕಾಲೇಜು ಶುರುವಾಗೋಕೆ ಇನ್ನೂ ಆರು ವಾರ ಇದೆ. ಏನು ಓದ್ಕೊಂಡು ಹೋಗ್ಲಿ?”

ನಾನೂ ಭೌತಶಾಸ್ತ್ರದಲ್ಲೇ ಪದವಿ ಮುಗಿಸಿ, ಆಮೇಲೆ ಕನ್ನಡ ಎಂ.ಎ. ಕಡೆಗೆ ಜಾರಿದವಳು. ಹಾಗಾಗಿ ಕೈ ತಾನಾಗಿ ಕಪಾಟಿನತ್ತ ಹೋಯಿತು. ರಿಚರ್ಡ್ ಫೈನ್‌ಮನ್‌ನ ‘ಲೆಕ್ಚರ್ಸ್ ಆನ್ ಫಿಸಿಕ್ಸ್’ ಮೊದಲ ಸಂಪುಟ ಅಲ್ಲೇ ಇತ್ತು. ಬೆನ್ನು ಹರಿದಿದೆ, ಮೊದಲ ನಾಲ್ಕು ಅಧ್ಯಾಯಗಳ ಅಂಚಿನಲ್ಲಿ ನನ್ನ ಪೆನ್ಸಿಲ್ ಗೆರೆಗಳಿವೆ. ತೆಗೆದು ಮೇಜಿನ ಮೇಲಿಟ್ಟೆ. ಆದರೆ ಕೊರಿಯರ್ ಮಾಡಲು ಮನಸ್ಸಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಯೋಚಿಸುತ್ತ ಆ ಪುಸ್ತಕವನ್ನು ಮತ್ತೊಮ್ಮೆ ಓದಿದೆ. ಈ ಬರಹ ಆ ಮರು ಓದಿನದು.

ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಪದವಿಯ ಮೊದಲ ಎರಡು ವರ್ಷದವರಿಗೆಂದು ಫೈನ್‌ಮನ್ 1961ರಿಂದ 1963ರವರೆಗೆ ಮಾಡಿದ ಪಾಠಗಳು ಇವು. ಲೇಟನ್ ಮತ್ತು ಸ್ಯಾಂಡ್ಸ್ ಎಂಬ ಇಬ್ಬರು ಸಹೋದ್ಯೋಗಿಗಳು ಅವನ್ನು ಪುಸ್ತಕಕ್ಕೆ ಇಳಿಸಿದರು, ಮೂರು ಸಂಪುಟಗಳಾದವು. ಈಗ ಅಂತರ್ಜಾಲದಲ್ಲಿ ಪುಕ್ಕಟೆ ಓದಬಹುದು. ಭೌತಶಾಸ್ತ್ರದ ಪಠ್ಯಗಳಲ್ಲಿ ಗದ್ಯಕ್ಕಾಗಿ ಓದಬಹುದಾದ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಮೊದಲ ಅಧ್ಯಾಯ ಪರಮಾಣುಗಳದ್ದು. ಒಂದು ಸೇಬನ್ನು ಭೂಮಿಯಷ್ಟು ಹಿಗ್ಗಿಸಿದರೆ ಅದರೊಳಗಿನ ಪರಮಾಣು ಹೆಚ್ಚುಕಡಿಮೆ ಮೂಲ ಸೇಬಿನಷ್ಟಾಗುತ್ತದೆ ಎಂಬ ಮಾತು ಅಲ್ಲಿ ಬರುತ್ತದೆ. ಬಿಸಿ ಸೂಪನ್ನು ಊದಿದರೆ ಯಾಕೆ ಆರುತ್ತದೆ ಎಂಬುದೂ ಅಲ್ಲೇ. ನಮ್ಮಲ್ಲಿ ಅಜ್ಜಿಯರು ಮಕ್ಕಳಿಗೆ ಸಾರನ್ನ ಊದಿ ಕೊಡುವ ಕ್ರಿಯೆಯೊಳಗೆ ಅಷ್ಟೊಂದು ಅಣುಗಳು ಓಡಾಡುತ್ತಿವೆ ಎಂದು ತಿಳಿದ ದಿನ ನಾನು ಊಟದ ತಟ್ಟೆಯನ್ನು ಸುಮ್ಮನೆ ನೋಡುತ್ತ ಕುಳಿತಿದ್ದೆ. ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ತುಂಟ ಹುಡುಗನ 28 ಆಟದ ಇಟ್ಟಿಗೆಗಳಿವೆ. ತಾಯಿ ದಿನವೂ ಸಂಜೆ ಎಣಿಸುತ್ತಾಳೆ. ಒಂದು ದಿನ ಕಡಿಮೆ ಬಿದ್ದರೆ ಕಿಟಕಿಯ ಹೊರಗೆ ಸಿಗುತ್ತದೆ. ಇನ್ನೊಂದು ದಿನ ಪೆಟ್ಟಿಗೆ ತೆರೆಯಲು ಮಗ ಬಿಡುವುದಿಲ್ಲ, ಅವಳು ಪೆಟ್ಟಿಗೆಯನ್ನೇ ತೂಗುತ್ತಾಳೆ. ಮತ್ತೊಂದು ದಿನ ತೊಟ್ಟಿಯ ಕೊಳಕು ನೀರು ಎಷ್ಟು ಏರಿದೆ ಎಂದು ಅಳೆಯುತ್ತಾಳೆ. ಕೊನೆಗೆ ಫೈನ್‌ಮನ್ ಇಟ್ಟಿಗೆಗಳನ್ನೇ ಕಥೆಯಿಂದ ತೆಗೆದುಹಾಕುತ್ತಾನೆ. ಉಳಿಯುವುದು ತಾಯಿಯ ಲೆಕ್ಕ ಮಾತ್ರ. ಶಕ್ತಿಯೆಂದರೆ ಆ ಲೆಕ್ಕ. ಸಣ್ಣಕಥೆಯೊಂದರ ಮುಕ್ತಾಯ ಇಷ್ಟು ಬಿಗಿಯಾಗಿರುವುದು ಅಪರೂಪ.

ತೊಂದರೆ ಇರುವುದೂ ಇಲ್ಲಿಯೇ. ಪಿಯುಸಿ ಮುಗಿದ ರಜೆಯಲ್ಲಿ ನಾನು ಈ ಪುಸ್ತಕವನ್ನು ಕಾದಂಬರಿ ಓದುವ ಹಾಗೆ ಓದಿದೆ. ನಿಘಂಟು ಪಕ್ಕದಲ್ಲಿತ್ತು, ಪೆನ್ಸಿಲ್ ಇದ್ದದ್ದು ಗೆರೆ ಎಳೆಯಲಿಕ್ಕೆ. ಪ್ರತಿ ಅಧ್ಯಾಯ ಮುಗಿದಾಗಲೂ ಅರ್ಥವಾಯಿತು ಎಂಬ ಸಂತೋಷ. ಕಾಲೇಜಿನ ಮೊದಲ ಕಿರುಪರೀಕ್ಷೆಯಲ್ಲಿ ಇಳಿಜಾರಿನಲ್ಲಿ ಉರುಳುವ ಸಿಲಿಂಡರಿನ ಮೇಲೆ ಒಂದು ಪ್ರಶ್ನೆ ಬಂತು. ಶಕ್ತಿ ಸಂರಕ್ಷಣೆಯ ಬಗ್ಗೆ ಒಂದು ಪುಟ ಪ್ರಬಂಧ ಬರೆಯಬಲ್ಲೆನಾಗಿದ್ದ ನನಗೆ ಮೊದಲ ಸಾಲಿನ ಸಮೀಕರಣ ಬರೆಯಲು ಆಗಲಿಲ್ಲ. ಇಪ್ಪತ್ತೈದಕ್ಕೆ ಏಳು. ನಾನು ದಡ್ಡಿ ಎಂದು ತೀರ್ಮಾನಿಸಿಕೊಂಡೆ. ಆ ತೀರ್ಮಾನವನ್ನು ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ಒಳ್ಳೆಯ ಗದ್ಯಕ್ಕೆ ಈ ಅಪಾಯ ಇದ್ದೇ ಇದೆ. ಬರೆದವನ ಸ್ಪಷ್ಟತೆಯನ್ನು ಓದುವವಳು ತನ್ನದೇ ಸ್ಪಷ್ಟತೆ ಎಂದುಕೊಳ್ಳುತ್ತಾಳೆ. ಕಾದಂಬರಿಯಲ್ಲಿ ಇದರಿಂದ ನಷ್ಟವಿಲ್ಲ, ಅಲ್ಲಿ ಆ ತಾದಾತ್ಮ್ಯವೇ ಬೇಕು. ಭೌತಶಾಸ್ತ್ರದಲ್ಲಿ ಪುಸ್ತಕ ಮುಚ್ಚಿದ ಮೇಲೆ ಏನು ಉಳಿದಿದೆ ಎಂದು ನೋಡಬೇಕಾಗುತ್ತದೆ. ಫೈನ್‌ಮನ್‌ಗೆ ಇದು ಗೊತ್ತಿತ್ತು. 1963ರಲ್ಲಿ ಬರೆದ ಮುನ್ನುಡಿಯಲ್ಲಿ, ವಿದ್ಯಾರ್ಥಿಗಳ ದೃಷ್ಟಿಯಿಂದ ಈ ಪ್ರಯೋಗ ಅಷ್ಟೇನೂ ಗೆಲ್ಲಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಪಾಠದ ವಿಚಾರಗಳನ್ನು ಬಿಡಿಸಿ ತೋರಿಸುವಂಥ ಸಮಸ್ಯೆಗಳನ್ನು ತಯಾರಿಸಲು ಇನ್ನಷ್ಟು ದುಡಿಯಬೇಕಿತ್ತು ಎಂದೂ ಹೇಳುತ್ತಾನೆ. ಎಷ್ಟೋ ಜನ ಈ ಮುನ್ನುಡಿಯನ್ನು ದೊಡ್ಡವರ ವಿನಯ ಎಂದು ಓದುತ್ತಾರೆ. ನನಗೆ ಅದು ಪುಸ್ತಕದ ಮೇಲೆ ಬಂದಿರುವ ಮೊದಲ ಮತ್ತು ಅತಿ ನಿಷ್ಠುರ ವಿಮರ್ಶೆಯಾಗಿ ಕಾಣುತ್ತದೆ.

ಪರೀಕ್ಷೆಗೆ ಮುಂಚೆ, ಹಿಂದೆ ಬಿದ್ದವರಿಗಾಗಿ ಫೈನ್‌ಮನ್ ಕೆಲವು ಪುನರಾವರ್ತನೆಯ ಪಾಠಗಳನ್ನೂ ಮಾಡಿದ್ದ. ಅವು ಮೂಲ ಸಂಪುಟಗಳಲ್ಲಿ ಸೇರಲಿಲ್ಲ. 2006ರಲ್ಲಿ ‘ಫೈನ್‌ಮನ್ಸ್ ಟಿಪ್ಸ್ ಆನ್ ಫಿಸಿಕ್ಸ್’ ಎಂಬ ತೆಳು ಪುಸ್ತಕದಲ್ಲಿ ಬಂದವು. ಶಾಲೆಯಲ್ಲಿ ಮೊದಲಿಗರಾಗಿದ್ದವರೇ ಒಂದು ತರಗತಿಯಲ್ಲಿ ಸೇರಿದಾಗ ಅವರಲ್ಲಿ ಅರ್ಧ ಜನ ಸರಾಸರಿಗಿಂತ ಕೆಳಗೆ ಇರಲೇಬೇಕು, ಅದು ಬರಿಯ ಲೆಕ್ಕ ಎಂದು ಅಲ್ಲಿ ಅವನು ವಿವರಿಸುತ್ತಾನೆ. ನನಗೆ ಹದಿನೆಂಟರಲ್ಲಿ ಬೇಕಾಗಿದ್ದ ಮಾತು ಅದು. ಆ ಪಾಠಗಳು ಅವನ ಎದುರು ಕುಳಿತ ಹುಡುಗರಿಗಾಗಿ. ಕ್ಯಾಲ್‌ಟೆಕ್ ಪದವಿ ತರಗತಿಗಳಿಗೆ ಹುಡುಗಿಯರನ್ನು ಸೇರಿಸಿಕೊಳ್ಳಲು ತೊಡಗಿದ್ದು 1970ರಲ್ಲಿ. ನನ್ನಂಥವಳೂ ಅಕ್ಕನ ಮಗಳೂ ಈ ಪುಸ್ತಕದ ಕಲ್ಪನೆಯ ಓದುಗರಲ್ಲಿ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು.

ಹಾಗಾದರೆ ಸಮಸ್ಯೆ ಎಂಬ ಆ ಒಣ ಪ್ರಕಾರವನ್ನು ನೋಡೋಣ. ಸಾಹಿತ್ಯದವರಾದ ನಾವು ಅದನ್ನು ಗದ್ಯವೆಂದು ಎಣಿಸುವುದೇ ಇಲ್ಲ. ‘ಒಂದು ಬಾವಿಗೆ ಕಲ್ಲು ಬಿಡಲಾಗಿದೆ. ಎರಡು ಸೆಕೆಂಡಿನ ನಂತರ ನೀರಿಗೆ ಬಿದ್ದ ಶಬ್ದ ಕೇಳಿತು. ಬಾವಿಯ ಆಳವೆಷ್ಟು?’ ಯಾರು ಬಿಟ್ಟರು, ಯಾಕೆ ಬಿಟ್ಟರು, ಯಾವ ಊರ ಬಾವಿ, ಏನೂ ಇಲ್ಲ. ಇದಕ್ಕಿಂತ ಬಡ ಕಥೆ ಇರಲಾರದು.

ಲೆಕ್ಕ ಮಾಡಿದರೆ 4.9ನ್ನು ಎರಡರ ವರ್ಗದಿಂದ ಗುಣಿಸಿ 19.6 ಮೀಟರು, ಅಂದರೆ 64 ಅಡಿ. ಇಲ್ಲಿಗೆ ಮುಗಿಸಬಹುದು. ಆದರೆ ಶಬ್ದ ಮೇಲೆ ಬರಲೂ ಹೊತ್ತು ಬೇಕಲ್ಲ? ಸೆಕೆಂಡಿಗೆ 340 ಮೀಟರ್ ವೇಗವೆಂದು ಹಿಡಿದು ವರ್ಗ ಸಮೀಕರಣ ಬಿಡಿಸಿದರೆ ಉತ್ತರ 18.5 ಮೀಟರಿಗೆ ಇಳಿಯುತ್ತದೆ. ಸುಮಾರು ಮೂರೂವರೆ ಅಡಿ ಹಗ್ಗದ ವ್ಯತ್ಯಾಸ. ಸರಿ, ಇನ್ನು ಗಡಿಯಾರದ ಗುಂಡಿ ಒತ್ತಿದ ನನ್ನ ಬೆರಳು? ಅದು ಸೆಕೆಂಡಿನ ಹತ್ತನೇ ಒಂದು ಭಾಗ ಆಚೀಚೆಯಾದರೂ ಆಳದಲ್ಲಿ 1.8 ಮೀಟರ್ ತಪ್ಪು ಬರುತ್ತದೆ. ಶಬ್ದವನ್ನು ಬಿಟ್ಟದ್ದಕ್ಕಿಂತ ಇದು ದೊಡ್ಡ ತಪ್ಪು. ಒಂದೇ ಕಲ್ಲು ಬಿಟ್ಟು ಅಳೆಯುವವಳು ಶಬ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಐವತ್ತು ಕಲ್ಲು ಬಿಟ್ಟರೆ? ಬೆರಳು ಒಮ್ಮೆ ಬೇಗ ಒಮ್ಮೆ ತಡವಾಗಿ ಒತ್ತುವುದರಿಂದ ಆಗುವ ತಪ್ಪು ಸರಾಸರಿಯಲ್ಲಿ ಕರಗುತ್ತದೆ. ಶಬ್ದದ ತಪ್ಪು ಸದಾ ಒಂದೇ ಕಡೆಗೆ ಎಳೆಯುವಂಥದು, ಕರಗುವುದಿಲ್ಲ. ಆಗ ಅದನ್ನು ಲೆಕ್ಕಕ್ಕೆ ಸೇರಿಸಲೇಬೇಕು.

ಗಾಳಿಯ ರೋಧವನ್ನು ನಿರ್ಲಕ್ಷಿಸಿ ಎಂದು ನಮ್ಮ ಪಠ್ಯಗಳು ಬರೆಯುತ್ತವೆ. ನಿರ್ಲಕ್ಷ್ಯ ಎಂಬ ಪದಕ್ಕೆ ಕನ್ನಡದಲ್ಲಿ ಬೇಜವಾಬ್ದಾರಿಯ ವಾಸನೆಯಿದೆ. ಮಕ್ಕಳ ಆಟದ ಮಾತೇ ಇಲ್ಲಿ ಹೆಚ್ಚು ಹೊಂದುತ್ತದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಗಾಳಿ ಬಾವಿಯೊಳಗೆ ಇದ್ದೇ ಇದೆ, ಕಲ್ಲಿಗೆ ತಾಗುತ್ತಲೇ ಇದೆ. ಈ ಸುತ್ತಿನ ಎಣಿಕೆಯಲ್ಲಿ ಅದನ್ನು ಹಿಡಿದಿಲ್ಲ ಅಷ್ಟೆ. ಯಾವುದನ್ನು ಎಣಿಕೆಯಿಂದ ಬಿಡಬಹುದು, ಬಿಟ್ಟರೆ ಎಷ್ಟು ಕಳೆದುಕೊಳ್ಳುತ್ತೇವೆ ಎಂದು ಹೇಳಬಲ್ಲವಳು ಭೌತಶಾಸ್ತ್ರಕ್ಕೆ ತಯಾರಾಗಿದ್ದಾಳೆ. ಆ ಬಡ ಕಥೆಯೊಳಗೆ ಇಷ್ಟೆಲ್ಲ ವಿವೇಚನೆ ಅಡಗಿದೆ. ಕಣ್ಣಿನಿಂದ ಓದಿದರೆ ಅದು ಕಾಣುವುದಿಲ್ಲ.

ಕನ್ನಡದಲ್ಲಿ ನಮಗೆ ಸಿಕ್ಕಿದ್ದೇನು? 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. ಗಣಿತದ ಮೇಷ್ಟ್ರಾಗಿದ್ದ ಜಿ.ಟಿ. ನಾರಾಯಣರಾಯರು ಆಕಾಶವನ್ನು ಕನ್ನಡಕ್ಕೆ ಇಳಿಸಿದರು. 1978ರಿಂದ ‘ಬಾಲ ವಿಜ್ಞಾನ’ ಹಳ್ಳಿಯ ಶಾಲೆಗಳವರೆಗೂ ಹೋಯಿತು. ನಾನು ಭೌತಶಾಸ್ತ್ರ ಓದಬೇಕೆಂದುಕೊಂಡದ್ದೇ ಈ ಬರಹಗಳಿಂದ. ಈ ಪರಂಪರೆಯ ಗುರಿ ಸಾಮಾನ್ಯ ಓದುಗರು, ಕೆಲಸ ಬೆರಗು ಹುಟ್ಟಿಸುವುದು ಮತ್ತು ಮೂಢನಂಬಿಕೆ ಬಿಡಿಸುವುದು. ಆ ಕೆಲಸವನ್ನು ಅದು ಚೆನ್ನಾಗಿ ಮಾಡಿದೆ. ಆದರೆ ನಾನು ಓದಿದ ಮಟ್ಟಿಗೆ, ಇಗೋ ಪೆನ್ಸಿಲ್, ನೀವೇ ಮಾಡಿ ನೋಡಿ ಎಂದು ಓದುಗರ ಕೈಗೆ ಲೆಕ್ಕ ಕೊಟ್ಟ ಪುಟಗಳು ಕಡಿಮೆ. ಕನ್ನಡದಲ್ಲಿ ಲೆಕ್ಕ ಹತ್ತನೆಯ ತರಗತಿಯ ಪಠ್ಯಕ್ಕೆ ನಿಂತುಬಿಡುತ್ತದೆ. ಬೆರಗು ಮಾತ್ರ ಮುಂದಕ್ಕೂ ಬರುತ್ತದೆ. ವಿಶ್ವವಿದ್ಯಾಲಯಗಳು ಪದವಿ ಮಟ್ಟದ ಕನ್ನಡ ವಿಜ್ಞಾನ ಪಠ್ಯಗಳನ್ನು ತಂದದ್ದುಂಟು, ನನ್ನ ತರಗತಿಯವರೆಗೆ ಅವು ತಲುಪಲಿಲ್ಲ.

ಇದರ ಪೆಟ್ಟು ಬೀಳುವುದು ಕನ್ನಡ ಮಾಧ್ಯಮದಿಂದ ಬಂದವರ ಮೇಲೆ. ವೇಗ, ಜವ, ಬಲ, ಶಕ್ತಿ, ಸಾಮರ್ಥ್ಯ ಎಂಬ ಪದಗಳು ಅವರಿಗೆ ಗೊತ್ತು. ಆದರೆ ಮನೆಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರೂ ಹೆಚ್ಚುಕಡಿಮೆ ಒಂದೇ. ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟು ದಾರಿಯಲ್ಲಿ ಎರಡು ಮೈಲಿ ನಡೆದವಳು ಆ ಹೊರೆಯ ಮೇಲೆ ಮಾಡಿದ ಕೆಲಸ ಸೊನ್ನೆ ಎಂದರೆ ನಮ್ಮಜ್ಜಿ ಪೊರಕೆ ತೆಗೆದುಕೊಳ್ಳುತ್ತಿದ್ದರು. ಈ ಪದಗಳು ಬೇರೆಬೇರೆ ಎಂದು ಕೈಗೆ ಹತ್ತುವುದು ಲೆಕ್ಕ ಮಾಡುವಾಗ. ಅದೇ ಹೊತ್ತಿಗೆ ಭಾಷೆಯೂ ಬದಲಾಗುತ್ತದೆ. ಆಗ ಕಷ್ಟ ಇಂಗ್ಲಿಷಿನದೋ ಲೆಕ್ಕದ್ದೋ ತಿಳಿಯುವುದಿಲ್ಲ. ಎರಡನ್ನೂ ಸೇರಿಸಿ ಹುಡುಗಿ ನಾನು ದಡ್ಡಿ ಎಂಬ ಒಂದೇ ಉತ್ತರ ಬರೆದುಕೊಳ್ಳುತ್ತಾಳೆ.

ಬೆರಗು ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಎಂಬ ಈ ಪಾಲು ಸರಿಯಲ್ಲ ಎಂದು ನನಗೆ ಮನವರಿಕೆಯಾದದ್ದು ಫೈನ್‌ಮನ್‌ನ ಒಂಬತ್ತನೆಯ ಅಧ್ಯಾಯವನ್ನು ಈ ಸಲ ಓದಿದಾಗ. ನ್ಯೂಟನ್ನನ ನಿಯಮಗಳ ಅಧ್ಯಾಯ ಅದು. ಅಲ್ಲೊಂದು ಕೋಷ್ಟಕವಿದೆ, ಹದಿನೆಂಟರಲ್ಲಿ ನಾನು ಕಣ್ಣು ಹಾಯಿಸಿ ದಾಟಿದ್ದೆ. ಸ್ಪ್ರಿಂಗಿಗೆ ಕಟ್ಟಿದ ತೂಕವನ್ನು ಒಂದು ಮಾನದಷ್ಟು ಎಳೆದು ಬಿಡಲಾಗಿದೆ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ಅದು ಎಲ್ಲಿದೆ, ವೇಗವೆಷ್ಟು ಎಂದು ಬರೆಯುತ್ತ ಹೋಗಬೇಕು. ಬೇಕಾದದ್ದು ಕೂಡುವುದು, ಕಳೆಯುವುದು, ಗುಣಿಸುವುದು ಮಾತ್ರ. 1.000, 0.995, 0.980... ಈ ಸಲ ನಾನೇ ಪೆನ್ನು ಹಿಡಿದು ಇಳಿದೆ. 1.5 ಮತ್ತು 1.6 ಸೆಕೆಂಡುಗಳ ನಡುವೆ ತೂಕ ಸೊನ್ನೆಯನ್ನು ದಾಟಿತು. ಇನ್ನಷ್ಟು ಹತ್ತಿರದಿಂದ ನೋಡಿದರೆ 1.57ರಲ್ಲಿ. ಅದು ಪೈ ಸಂಖ್ಯೆಯ ಅರ್ಧ. ಎಲ್ಲಿಯೂ ವೃತ್ತವಿಲ್ಲ, ನಾನು ಪೈ ಎಂದು ಬರೆದೂ ಇಲ್ಲ. ಅಂಗಡಿ ಲೆಕ್ಕದಂಥ ಹದಿನಾರು ಸಾಲುಗಳ ತುದಿಯಲ್ಲಿ ಅದು ತಾನಾಗಿ ಬಂದು ನಿಂತಿತ್ತು. ಸೇಬು ಭೂಮಿಯಾದಾಗ ಆದ ಬೆರಗನ್ನು ಫೈನ್‌ಮನ್ ನನಗೆ ಕೊಟ್ಟಿದ್ದ. ಇದನ್ನು ಅವನು ಕೊಡಲಾರ. ಹದಿನಾರನೆಯ ಸಾಲಿನವರೆಗೆ ನಾನೇ ಹೋಗಬೇಕಿತ್ತು.

ಕೊನೆಗೆ ಪುಸ್ತಕವನ್ನು ಕಳಿಸಿದೆ, ಜೊತೆಗೆ ಇನ್ನೂರು ಪುಟದ ಗೆರೆಯಿಲ್ಲದ ಒಂದು ನೋಟ್‌ಬುಕ್ಕು. ಮುನ್ನುಡಿಯಿಂದ ಶುರುಮಾಡು, ಅಲ್ಲಿಂದ ನೇರ ಒಂಬತ್ತನೆಯ ಅಧ್ಯಾಯದ ಕೋಷ್ಟಕಕ್ಕೆ ಹೋಗು ಎಂದು ಚೀಟಿ ಬರೆದಿಟ್ಟೆ. ದಿನಕ್ಕೆ ಎರಡು ಲೆಕ್ಕ, ಉತ್ತರ ನೋಡದೆ. ಮೊದಲ ಅಧ್ಯಾಯಗಳ ಸೊಗಸು ಮಳೆ ಹಿಡಿದ ಸಂಜೆಗಳಿಗೆ ಇರಲಿ.

ಮೊನ್ನೆ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಬಂತು. ಏಳನೆಯ ಸಾಲಿನಿಂದ ಕೆಳಗೆ ಎಲ್ಲವನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಳು. ಕೆಳಗೆ ಒಂದು ಸಾಲು: “ಮೈನಸ್ ಬಿಟ್ಟುಹೋಗಿತ್ತು ಚಿಕ್ಕಮ್ಮ. ಎಲ್ಲಿ ಅಂತ ನಾನೇ ಕಂಡುಹಿಡಿದೆ.”